ಜಾಗ ಸಾಲದ ಅಂಚು

ನನಗೆ ಅವರ ಮೇಲೆ ಹೊಟ್ಟೆಕಿಚ್ಚಿತ್ತು. ಒಬ್ಬರ ಬಗ್ಗೆ ಬರೆಯಲು ಕೂತು ಮೊದಲ ಸಾಲಿನಲ್ಲೇ ಇಂಥ ಮಾತು ಬರೆದರೆ ಚೆನ್ನಾಗಿ ಕಾಣುವುದಿಲ್ಲ ಎಂದು ಗೊತ್ತು. ಆದರೆ ಇದನ್ನು ಮುಚ್ಚಿಟ್ಟುಕೊಂಡು ಅವರ ಕೈಗುಣ, ತಾಳ್ಮೆ, ನಗು ಎಂದೆಲ್ಲ ಬರೆದರೆ, ಓದಿದವರು ‘ಎಷ್ಟು ಒಳ್ಳೆಯ ಗೆಳತಿ ಇವಳು’ ಎಂದುಕೊಂಡಾರು. ಆ ಹೊಗಳಿಕೆ ನನಗೆ ದಕ್ಕುವುದಿಲ್ಲ.

ಹೋದ ವಾರ ಒಂದು ಇಮೇಲ್ ಬಂತು. ಐರ್ಲೆಂಡಿನ ನಮ್ಮ ಅತ್ಲೋನ್‌ನಿಂದ ಅರ್ಧ ಗಂಟೆ ದೂರದ ಒಂದು ಸಣ್ಣ ಊರಿನಲ್ಲಿ ಹಳೆಯ ರತ್ನಗಂಬಳಿಗಳ ಅಂಗಡಿ ಇಟ್ಟುಕೊಂಡಿದ್ದ ಮುದುಕರು ಬರೆದಿದ್ದರು. ವಯಸ್ಸಾಯಿತು, ಈ ಕೋವಿಡ್ ಬೇರೆ, ತಿಂಗಳ ಕೊನೆಗೆ ಬಾಗಿಲು ಹಾಕುತ್ತಿದ್ದೇನೆ ಎಂದಿತ್ತು. ಎಲ್ಲ ಗಿರಾಕಿಗಳಿಗೂ ಕಳಿಸಿದ ಒಕ್ಕಣೆಯೇ. ನನಗೆ ಕಳಿಸಿದ್ದರಲ್ಲಿ ಮಾತ್ರ ಕೊನೆಗೆ ಒಂದು ಸಾಲು ಹೆಚ್ಚಿಗೆ ಇತ್ತು. ಆ ಸಾಲಿನ ದೆಸೆಯಿಂದ ನಾನು ಇದನ್ನು ಬರೆಯುತ್ತಿದ್ದೇನೆ.

ಅವರನ್ನು ನಾವೆಲ್ಲ ಆಪಾ, ಎಂದರೆ ಅಕ್ಕ, ಎನ್ನುತ್ತಿದ್ದೆವು. ನವಲಗುಂದದವರು. ಗಂಡ ಇಲ್ಲಿನ ಒಂದು ಕಂಪನಿಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಕಂಪ್ಯೂಟರ್ ಸಪೋರ್ಟಿನ ಕೆಲಸದಲ್ಲಿದ್ದರು. ಆಪಾ ಒಂದು ನರ್ಸಿಂಗ್ ಹೋಮಿನ, ಎಂದರೆ ಇಲ್ಲಿನ ವೃದ್ಧಾಶ್ರಮದ, ಲಾಂಡ್ರಿಯಲ್ಲಿ. ನಮ್ಮದೇ ಹೌಸಿಂಗ್ ಎಸ್ಟೇಟಿನಲ್ಲಿ, ನಮ್ಮ ಮನೆಯಿಂದ ಮೂರನೆಯ ಮನೆ. ನನಗಿಂತ ನಾಲ್ಕು ವರ್ಷ ದೊಡ್ಡವರು, ಆದರೂ ನನ್ನನ್ನು ‘ಅಕ್ಕಾರ’ ಎಂದು ಕರೆಯುತ್ತಿದ್ದರು. ಅವರ ಕಡೆ ಅದು ಮರ್ಯಾದೆಯ ಮಾತು. ಮೈಸೂರಿನವಳಾದ ನನಗೆ ಅದೂ ಚುಚ್ಚುತ್ತಿತ್ತು.

ಅವರಿಗೊಂದು ಅಭ್ಯಾಸ. ಯಾವ ಬಟ್ಟೆ ಸಿಕ್ಕರೂ ಮೊದಲು ಹಿಂಬದಿ ತಿರುಗಿಸುವುದು. ಗೌರಿ ಹಬ್ಬಕ್ಕೆ ನಾನು ಉಟ್ಟಿದ್ದ ರೇಷ್ಮೆ ಸೀರೆಯ ಸೆರಗನ್ನು ಎಲ್ಲರ ಎದುರು ಮಗುಚಿ, ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ, “ಚಲೋ ಐತಿ” ಎಂದು ಬಿಟ್ಟಿದ್ದರು. ಹೊಗಳಿದ್ದೇ ಆದರೂ, ಪರೀಕ್ಷೆಯಲ್ಲಿ ಪಾಸಾದ ಹಾಗೆ ಅನಿಸಿ ನನಗೆ ಸಿಟ್ಟು ಬಂದಿತ್ತು. ಮಾತಾಡುತ್ತಿರುವಾಗಲೂ ಅವರ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ಸೋಫಾದ ಅಂಚನ್ನೋ, ತಮ್ಮದೇ ದುಪಟ್ಟಾವನ್ನೋ ತಡವುತ್ತಿರುತ್ತಿತ್ತು.

ನನ್ನ ಕಥೆಯನ್ನೂ ಸ್ವಲ್ಪ ಹೇಳಬೇಕು. ಕೋವಿಡ್ ಬರುವ ಆರು ವರ್ಷ ಮೊದಲು ಇಲ್ಲಿನ ಒಂದು ದೊಡ್ಡ ಹಳೆಯ ಮನೆಯನ್ನು ಖಾಲಿ ಮಾಡುವ ಹರಾಜಿನಲ್ಲಿ ನಾನೊಂದು ಪರ್ಷಿಯನ್ ರತ್ನಗಂಬಳಿ ಕೊಂಡೆ. ಹಮದಾನ್ ಸೀಮೆಯ ಯಾವುದೋ ಹಳ್ಳಿಯಲ್ಲಿ ನೂರು ವರ್ಷಕ್ಕೂ ಹಿಂದೆ ನೇಯ್ದದ್ದು. ಕೆಂಪು ನೆಲ, ನೀಲಿ ಅಂಚು, ಅಂಚಿನ ತುಂಬ ಸಣ್ಣ ಹೂವು. ಅಲ್ಲಿಂದ ಹುಚ್ಚು ಹತ್ತಿತು. ಪುಸ್ತಕ ತರಿಸಿದೆ. ಭೂತಗನ್ನಡಿ ಹಿಡಿದು ಅಂಗುಲಕ್ಕೆ ಎಷ್ಟು ಗಂಟು ಎಂದು ಎಣಿಸಿದೆ. ಉದ್ದ ಅಗಲ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಪಟ್ಟಣದ ನೇಕಾರರು ನಕ್ಷೆ ಮುಂದಿಟ್ಟುಕೊಂಡು ನೇಯುತ್ತಾರೆ, ಹಳ್ಳಿಯ ಹೆಂಗಸರು ನೆನಪಿನಿಂದ ನೇಯುತ್ತಾರೆ, ಅದಕ್ಕೇ ಹಳ್ಳಿಯದರಲ್ಲಿ ಒಂದು ಮೂಲೆಗೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ, ಇತ್ಯಾದಿ ಇತ್ಯಾದಿ. ಮನೆಗೆ ಬಂದವರು ಕಾಫಿ ಮುಗಿಸುವುದರೊಳಗೆ ಇದಿಷ್ಟನ್ನೂ ಕೇಳಿಸಿಕೊಳ್ಳಲೇಬೇಕಿತ್ತು. ಅತ್ಲೋನ್‌ನ ಕನ್ನಡದವರಲ್ಲಿ ರತ್ನಗಂಬಳಿ ಎಂದರೆ ನಾನು ಎಂದಾಗಿತ್ತು. ನನಗಿದ್ದ ಹೆಸರು ಅದೊಂದೇ. ಆಫೀಸಿನಲ್ಲಿ ಇಪ್ಪತ್ತು ಜನ ಟೆಸ್ಟಿಂಗ್ ಇಂಜಿನಿಯರುಗಳಲ್ಲಿ ನಾನೊಬ್ಬಳು, ಅಷ್ಟೆ.

ಮೊದಲ ಲಾಕ್‌ಡೌನ್ ಬಂತು. ಎರಡು ಕಿಲೋಮೀಟರಿನಾಚೆ ಹೋಗುವಂತಿಲ್ಲ. ನಮ್ಮ ಕನ್ನಡದ ಗುಂಪಿನವರು ಶನಿವಾರ ಸಂಜೆ ಜೂಮ್‌ನಲ್ಲಿ ಸೇರತೊಡಗಿದರು. ವಾರಕ್ಕೊಬ್ಬರು ತಮಗೆ ಗೊತ್ತಿರುವುದರ ಬಗ್ಗೆ ಮಾತಾಡುವುದು. ಒಬ್ಬರು ಕೊಳಲು ನುಡಿಸಿದರು, ಒಬ್ಬರು ಬಿಸಿಬೇಳೆ ಪುಡಿ ಹುರಿದು ತೋರಿಸಿದರು. ನನ್ನ ಸರದಿ ಬಂದಾಗ ರತ್ನಗಂಬಳಿಯನ್ನು ಹಿಂದಿನ ಗೋಡೆಗೆ ತೂಗುಹಾಕಿ, ಅದರ ಮುಂದೆ ಕೂತು ಅರ್ಧ ಗಂಟೆ ಮಾತಾಡಿದೆ. ನೀಲಿಯ ನಡುವೆ ಬಣ್ಣ ತೆಳುವಾಗುವ ಪಟ್ಟೆಗೆ ‘ಅಬ್ರಾಶ್’ ಎನ್ನುತ್ತಾರೆ, ಅದು ಮೋಡ ಹಾದುಹೋದ ನೆರಳಿನ ಹಾಗೆ ಎಂದೆ. ಆ ವಾಕ್ಯವನ್ನು ಹಿಂದಿನ ದಿನವೇ ತಯಾರು ಮಾಡಿಕೊಂಡಿದ್ದೆ.

“ಪ್ರಶ್ನೆ ಇದ್ರೆ ಕೇಳಿ” ಎಂದಾಗ ಆಪಾ ಮ್ಯೂಟ್ ತೆಗೆದರು.

“ಅಕ್ಕಾರ, ಒಂದ್ ಮಾತ್ರಿ. ಅದನ್ನ ತೆಳಗ ಮ್ಯಾಲ ಮಾಡಿ ಯಾಕ ಹಾಕೀರಿ?”

“ಇದಕ್ಕೆ ಮೇಲೆ ಕೆಳಗೆ ಅಂತಿಲ್ಲ ಆಪಾ. ಎರಡೂ ಕಡೆ ಒಂದೇ ಡಿಸೈನು.”

“ಡಿಸೈನ್ ಅಲ್ರಿ. ತೆಳಗಿನ ಅಂಚಿನ್ಯಾಗ ಹೂವು ಹೆಂಗ ಒತ್ತಿಕೊಂಡು ಕುಂತಾವ ನೋಡ್ರಿ. ಮ್ಯಾಲಿನ ಅಂಚಿನ್ಯಾಗ ಆರಾಮ ಅದಾವ. ನೇಯೋರಿಗೆ ಜಾಗಾ ಸಾಲದಂಗ ಆಗೂದು ಮುಗಸೂ ಹೊತ್ತಿಗ್ರಿ. ಶುರು ಮಾಡೂವಾಗ ಯಾರಿಗೆ ಜಾಗಾ ಕಮ್ಮಿ ಇರ್ತೈತಿ?”

ತಿರುಗಿ ನೋಡಿದೆ. ಆರು ವರ್ಷ ಭೂತಗನ್ನಡಿ ಹಿಡಿದು ನೋಡಿದ್ದೆ. ಒಂದು ಕಡೆಯ ಅಂಚು ಇನ್ನೊಂದು ಕಡೆಯದಕ್ಕಿಂತ ಕಿರಿದು ಎಂದು ನೋಟ್‌ಬುಕ್ಕಿನಲ್ಲೂ ಬರೆದಿದ್ದೆ. ಯಾಕೆ ಎಂದು ಯೋಚಿಸಿರಲಿಲ್ಲ. ಪರದೆಯ ಮೇಲಿದ್ದ ಮುಖಗಳೆಲ್ಲ ನಕ್ಕವು. ಯಾರೋ, “ಮತ್ತೆ ಆ ನೀಲಿ ಪಟ್ಟೆ ಏನು ಆಪಾ?” ಎಂದು ನನ್ನನ್ನು ಬಿಟ್ಟು ಅವರನ್ನೇ ಕೇಳಿದರು.

“ಉಣ್ಣಿ ತೀರಿತ್ರಿ. ಮತ್ತೊಮ್ಮೆ ಬಣ್ಣಾ ಹಾಕ್ಯಾರ, ಮೊದಲಿನಂಗ ಬಂದಿಲ್ಲ.”

ನನ್ನ ಮೋಡ ಅಲ್ಲಿಗೆ ಕರಗಿತು. ಕಂಪ್ಯೂಟರ್ ಮುಚ್ಚಿದ ಮೇಲೆ ನನ್ನ ಗಂಡ, “ನಿಂದು ಪುಸ್ತಕದ ಬದನೆಕಾಯಿ ಕಣೆ, ಅವರದು ಹಿತ್ತಲಿಂದು” ಎಂದ. ಆ ರಾತ್ರಿ ಅವನಿಗೆ ಮೊಸರನ್ನ ಬಿಟ್ಟು ಬೇರೇನೂ ಸಿಗಲಿಲ್ಲ. ರತ್ನಗಂಬಳಿಯನ್ನು ನಾನು ತಿರುಗಿಸಿ ಹಾಕಲಿಲ್ಲ. ಹಟಕ್ಕೆ ಹಾಗೇ ಬಿಟ್ಟೆ.

ಆಗಸ್ಟಿನಲ್ಲಿ ಧೂಳು ಹೊಡೆಯಲೆಂದು ಅದನ್ನು ಗೋಡೆಯಿಂದ ಇಳಿಸಿ ಕೊಡವಿದೆ. ಅಂಗೈ ಅಗಲದಷ್ಟು ಕೆಂಪು ನೆಲವನ್ನು ಹಿಂಬದಿಯಿಂದ ನುಸಿ ತಿಂದುಹಾಕಿತ್ತು. ಉಣ್ಣೆಯ ಗಂಟುಗಳೆಲ್ಲ ಹೋಗಿ, ಒಳಗಿನ ಹತ್ತಿಯ ಹಾಸು ಹೊಕ್ಕು ಮಾತ್ರ ಬಲೆಯ ಹಾಗೆ ಉಳಿದಿತ್ತು. ಅಂಗಡಿಯ ಮುದುಕರಿಗೆ ಬರೆದೆ. ರಿಪೇರಿ ಮಾಡುತ್ತಿದ್ದ ಹೆಂಗಸಿಗೆ ಕೈ ಸಂದುಗಳು ಹಿಡಿದುಕೊಂಡು ಆಕೆ ಬಿಟ್ಟಳು, ಈಗ ಯಾರೂ ಇಲ್ಲ, ಕ್ಷಮಿಸಿ ಎಂದರು. ಒಂದು ವಾರ ಹೊರಳಾಡಿದೆ. ಕೊನೆಗೆ ಅದನ್ನು ಸುತ್ತಿ ಹೆಗಲ ಮೇಲೆ ಹೊತ್ತು ಮೂರನೆಯ ಮನೆಗೆ ಹೋದೆ. ನೀರಿಗಿಂತ ತೆಳ್ಳಗಾಗಿ ಹೋದೆ ಎನ್ನಬಹುದು.

ಆಪಾ ಹಿತ್ತಲಿನ ಹುಲ್ಲಿನ ಮೇಲೆ ಅದನ್ನು ಹಾಸಿ, ಮಾಮೂಲಿನಂತೆ ಮಗುಚಿದರು. ಮಂಡಿಯೂರಿ ಕೂತು, ಎಲ್ಲೋ ನೋಡುತ್ತ, ಹೆಬ್ಬೆರಳನ್ನು ಎಡದಿಂದ ಬಲಕ್ಕೆ ಎಳೆದರು. ಸ್ಯಾನಿಟೈಸರಿನಿಂದ ಅವರ ಬೆರಳ ಸಂದುಗಳು ಬಿರಿದು ಕೆಂಪಗಾಗಿದ್ದವು. ಲಾಂಡ್ರಿಯಲ್ಲಿ ದಿನಕ್ಕೆ ಎಷ್ಟು ಸಲ ಕೈ ತೊಳೆಯಬೇಕೋ.

“ಇಬ್ರು ನೇಯ್ದಾರ್ರಿ” ಎಂದರು. “ಎಡಕ್ಕ ಅತ್ತಿ, ಬಲಕ್ಕ ಸೊಸಿ.”

“ಅದು ಹೇಗೆ ಗೊತ್ತಾಗುತ್ತೆ?”

“ಎಡಕ್ಕ ಗಂಟು ಬಿಗಿ ಅದಾವ, ಬಲಕ್ಕ ಸಡಲ. ಇಲ್ಲಿ ನೋಡ್ರಿ, ಇಲ್ಲಿಂದ ಬಲಕ್ಕೂ ಬಿಗಿ ಆಗ್ಯಾವ. ಇಲ್ಲೆ ಬೈಸಿಕೊಂಡಾಳ ಆಕಿ.”

ನಾನು ಕೈಯಿಟ್ಟು ನೋಡಿದೆ. ನನ್ನ ಬೆರಳಿಗೆ ಏನೂ ತಿಳಿಯಲಿಲ್ಲ. ಅದು ನನ್ನ ರತ್ನಗಂಬಳಿ, ನನ್ನ ದುಡಿಮೆಯಿಂದ ಕೊಂಡದ್ದು, ಆರು ವರ್ಷ ಅದರ ಜೊತೆ ಇದ್ದೆ. ಒಂದು ದಿನವೂ ಅದು ನನಗೆ ಅತ್ತೆ ಸೊಸೆಯ ಸುದ್ದಿ ಹೇಳಿರಲಿಲ್ಲ. ಹುಲ್ಲಿನ ಮೇಲೆ ನಿಂತು ನಾನು ಉರಿದುಹೋದೆ.

ಅವತ್ತೇ ಚಹಾ ಕುಡಿಯುತ್ತ ಅವರು ತಮ್ಮ ಮನೆಯ ಸಂಗತಿ ಹೇಳಿದ್ದು. ಅವರ ತಾಯಿ ಜಮಖಾನ ನೇಯುತ್ತಿದ್ದರು. ಗೋಡೆಗೆ ಒರಗಿಸಿ ನಿಲ್ಲಿಸುವ ಮಗ್ಗ. “ನಮ್ಮ ಮನ್ಯಾಗ ಮಗಳಿಗೆ ಕಲಸ್ತಿರಲಿಲ್ರಿ, ಸೊಸಿಗೆ ಕಲಸ್ತಿದ್ರು. ಮಗಳು ಮತ್ತೊಬ್ರ ಮನಿಗೆ ಹೋಗಾಕಿ, ಕಸಬು ಕಟಗೊಂಡು ಹೋಗ್ತಾಳ ಅಂತ. ನಾನು ಮಗ್ಗದ ಹಿಂದಿನ ಸಂದ್ಯಾಗ ಕುಂದರ್ತಿದ್ದೆ. ಅಮ್ಮಿ ಆ ಕಡೆ, ನಾ ಈ ಕಡೆ. ನೂಲಿನ ನಡುವ ಅಕಿ ಕೈಬಳ್ಳು ಕಾಣ್ತಿದ್ವು.”

“ಮದುವೆ ಆದ್ಮೇಲೆ?”

“ಅತ್ತಿ ಮನ್ಯಾಗ ಮಗ್ಗನ ಇದ್ದಿಲ್ಲ.” ನಕ್ಕರು. “ಇಷ್ಟ್ ವರ್ಷ ಆತು, ಎಲ್ಲಾ ಹಿಂದಿನಿಂದನ ನೋಡೇನಿ. ಒಂದ್ಸಲ ಮುಂದ ಕುಂದರಬೇಕರಿ. ಒಂದು ಮಗ್ಗ, ಒಂದು ಕುರ್ಚಿ, ಮುಂದ ನಾ. ಅದೊಂದು ಆಶಾ ಉಳದೈತಿ.”

ಈ ಮಾತು ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡಿಲ್ಲ ಎಂದು ಹೇಳುವಂತಿಲ್ಲ.

ಜಮಖಾನಕ್ಕೆ ಗಂಟಿಲ್ಲ, ಅದು ಬರೀ ಹಾಸು ಹೊಕ್ಕು. ಇಂಥ ಗಂಟು ಅವರು ಜನ್ಮದಲ್ಲಿ ಹಾಕಿರಲಿಲ್ಲ. ಅಂಚಿನ ಒಂದು ಗಂಟನ್ನು ಸೂಜಿಯಿಂದ ಬಿಚ್ಚಿ ನೋಡಿದರು, ಅಷ್ಟೆ. ಬಾಸ್ಮತಿ ಅಕ್ಕಿಯ ಗೋಣಿಚೀಲವನ್ನು ಹಳೆಯ ಫೋಟೊ ಚೌಕಟ್ಟಿಗೆ ಬಿಗಿದು, ಡ್ಯೂಟಿ ಮುಗಿಸಿ ಬಂದ ಮೇಲೆ ಹತ್ತು ದಿನ ಅದರ ಮೇಲೆ ಅಭ್ಯಾಸ ಮಾಡಿದರು. ನಾನು ಇಣುಕಿ ನೋಡಲು ಹೋಗುತ್ತಿದ್ದೆ. ಮೊದಲ ಎರಡು ಸಾಲು ಸೊಟ್ಟಗಿದ್ದವು, ನೋಡಿ ಖುಷಿಯಾಯಿತು. ಮೂರನೆಯ ದಿನ ಸಾಲು ನೆಟ್ಟಗಾಯಿತು. ಆಮೇಲೆ ನಾನು ಹೋಗಲಿಲ್ಲ.

ಸೆಪ್ಟೆಂಬರಿನ ಮೊದಲ ವಾರ ರತ್ನಗಂಬಳಿ ವಾಪಸು ಬಂತು. ತಿಂದುಹೋದ ಜಾಗ ಎಲ್ಲಿ ಎಂದು ಹುಡುಕಿದೆ. ಮುಂದೆ ನೋಡಿದೆ, ಹಿಂದೆ ನೋಡಿದೆ, ಭೂತಗನ್ನಡಿ ತಂದೆ. ಸಿಗಲಿಲ್ಲ. ನಾನೇ ಮೊದಲು ತೆಗೆದಿದ್ದ ಫೋಟೊ ಪಕ್ಕಕ್ಕಿಟ್ಟು ಹೂವು ಎಣಿಸಿ ಗುರುತಿಸಬೇಕಾಯಿತು.

“ಇಷ್ಟು ಹಳೇ ಕೆಂಪು ಉಣ್ಣೆ ಎಲ್ಲಿ ಸಿಕ್ಕಿತು ಆಪಾ?”

“ಇದರಾಗಿಂದನ ತಗದೇನ್ರಿ. ತುದಿಗೆ ಗಂಟಿಲ್ಲದ ಕೆಂಪು ಪಟ್ಟಿ ಇತ್ತಲ್ಲ, ಅದನ್ನ ಎರಡು ಬಳ್ಳು ಬಿಚ್ಚಿದೆ. ಬ್ಯಾರೆ ಉಣ್ಣಿ ಹಾಕಿದ್ರ ಎಂದಿದ್ರೂ ಕಾಣ್ತೈತಿ.”

ನೂರು ವರ್ಷದ ವಸ್ತುವನ್ನು ನನ್ನನ್ನು ಒಂದು ಮಾತು ಕೇಳದೆ ಎರಡು ಬೆರಳು ಗಿಡ್ಡ ಮಾಡಿದ್ದರು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಅಳತೆ ಈಗ ಸುಳ್ಳು. ನನ್ನ ಮುಖ ನೋಡಿ ಅವರಿಗೂ ಗೊತ್ತಾಯಿತು.

“ಶುರು ಮಾಡಿದ ಕಡಿಂದ ತಗದೇನ್ರಿ, ಅಲ್ಲಿ ಪಟ್ಟಿ ಅಗಲ ಐತಿ. ಮುಗಿಸಿದ ಕಡಿಂದ ತಗೀಲಿಲ್ಲ. ಅಲ್ಲಿ ಮೊದಲ ಆಕಿಗೆ ಜಾಗಾ ಸಾಲಿಲ್ಲ, ಮತ್ತ ಅಲ್ಲೇ ಕಿತಗೊಂಡ್ರ ಹೆಂಗ್ರಿ.”

ನೂರು ವರ್ಷದ ಹಿಂದೆ ಸತ್ತ ಯಾವಳೋ ನೇಕಾರಳಿಗೆ ಇಷ್ಟು ಮರ್ಯಾದೆ, ಎದುರಿಗೆ ನಿಂತಿರುವ ನನ್ನನ್ನು ಕೇಳುವ ಸೌಜನ್ಯವಿಲ್ಲ ಎಂದು ಮನಸ್ಸಿನಲ್ಲೇ ಕುದಿದೆ. ಥ್ಯಾಂಕ್ಸ್ ಹೇಳಿದೆ. ಒಂದು ಡಬ್ಬಿ ಮೈಸೂರು ಪಾಕ್ ಕೊಟ್ಟೆ. ಎರಡು ಬೆರಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ. ಹೊಟ್ಟೆಕಿಚ್ಚಿಗೆ ಒಂದು ನೆಪ ಬೇಕಿತ್ತು, ಸಿಕ್ಕಿತು.

ಆ ತಿಂಗಳು ಓಡಾಟಕ್ಕೆ ಬಿಟ್ಟಿದ್ದರು. ಅಂಗಡಿಯ ಮುದುಕರಿಗೆ ತೋರಿಸೋಣವೆಂದು ರತ್ನಗಂಬಳಿಯನ್ನು ಕಾರಿನಲ್ಲಿ ಹಾಕಿಕೊಂಡು ಹೋದೆ. ಇಡೀ ಐರ್ಲೆಂಡಿನಲ್ಲಿ ನನ್ನನ್ನು ತಿಳಿದವಳೆಂದು ಮಾತಾಡಿಸುತ್ತಿದ್ದವರು ಅವರೊಬ್ಬರೇ. ಮಾಸ್ಕಿನ ಮೇಲೆ ಕನ್ನಡಕ ಏರಿಸಿಕೊಂಡು ರಿಪೇರಿಯ ಜಾಗವನ್ನು ಬಹಳ ಹೊತ್ತು ಹುಡುಕಿದರು. ಕೊನೆಗೆ ಸೋತು ನನ್ನನ್ನೇ ಕೇಳಿದರು. ತೋರಿಸಿದೆ. ಅವರು ತುದಿಯ ಪಟ್ಟಿ ನೋಡಿದರು, ಇನ್ನೊಂದು ತುದಿ ನೋಡಿದರು. ಯಾವ ತುದಿಯಿಂದ ತೆಗೆಯಬೇಕು ಎಂದು ಗೊತ್ತಿರುವವರ ಕೆಲಸ ಇದು ಎಂದರು.

ಆಮೇಲೆ ನನ್ನನ್ನು ಹಿಂದಿನ ಕೋಣೆಗೆ ಕರೆದರು. ದೊಡ್ಡ ಕಿಟಕಿ. ಎಡಗಡೆಯಿಂದ ಒಳ್ಳೆಯ ಬೆಳಕು. ಮರದ ಮಗ್ಗದ ಚೌಕಟ್ಟೊಂದು ನಿಂತಿತ್ತು, ಅದರ ಮುಂದೆ ಮೆತ್ತೆ ಹಾಕಿದ ಕುರ್ಚಿ. ಪಕ್ಕದಲ್ಲಿ ಸುತ್ತಿಟ್ಟ ಹಳೆಯ ರತ್ನಗಂಬಳಿಗಳ ಒಟ್ಟಿಲು. ಒಂದೊಂದಕ್ಕೂ ಒಂದೊಂದು ಗಾಯ. ಈ ಕುರ್ಚಿ ಖಾಲಿಯಾಗಿ ಒಂದು ವರ್ಷವಾಯಿತು, ಇದನ್ನು ಮಾಡಿದವರು ಬಂದು ಕೂರುವುದಾದರೆ ನಾನು ಅಂಗಡಿ ಇನ್ನೂ ನಾಲ್ಕು ವರ್ಷ ನಡೆಸುತ್ತೇನೆ ಎಂದರು. ಯಾರು ಮಾಡಿದ್ದು, ಹೆಸರು ಹೇಳಿ ಎಂದು ಪೆನ್ನು ತೆಗೆದರು.

ಲಂಡನ್ನಿಗೆ ಕಳಿಸಿದ್ದೆ, ಹೆಸರು ನೆನಪಿಲ್ಲ ಎಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಯೋಚಿಸಬೇಕಾಗಿಯೇ ಬರಲಿಲ್ಲ, ನಾಲಿಗೆಯ ಮೇಲೆ ಮೊದಲೇ ಬಂದು ಕೂತಿತ್ತು. ಆ ಕುರ್ಚಿಯಲ್ಲಿ ಆಪಾ ಕೂತಿರುವುದು ನನಗೆ ಕಣ್ಣಿಗೆ ಕಟ್ಟಿತ್ತು. ನಾನು ಬಾಗಿಲಲ್ಲಿ ಗಿರಾಕಿಯಾಗಿ ನಿಂತಿರುವುದೂ ಕಟ್ಟಿತ್ತು. ಮುದುಕರು ಇನ್ನು ಮೇಲೆ ಅವರನ್ನೇ ಕೇಳುತ್ತಾರೆ, ನನ್ನನ್ನಲ್ಲ. ಅದು ನನ್ನಿಂದ ಆಗಲಿಲ್ಲ. ನೆನಪಾದರೆ ತಿಳಿಸಿ ಎಂದು ಮುದುಕರು ಪೆನ್ನು ಜೇಬಿಗೆ ಹಾಕಿಕೊಂಡರು.

ಆ ಚಳಿಗಾಲದಲ್ಲಿ ಆಪಾ ಕೆಲಸ ಮಾಡುತ್ತಿದ್ದ ನರ್ಸಿಂಗ್ ಹೋಮಿನಲ್ಲಿ ಕೋವಿಡ್ ಹಬ್ಬಿ ಕಷ್ಟವಾಗಿತ್ತು. ಅವರು ಮಾತಾಡುವುದು ಕಡಿಮೆ ಮಾಡಿದ್ದರು. ಒಮ್ಮೆ ಗೇಟಿನ ಹತ್ತಿರ ಸಿಕ್ಕಾಗ ಅವರ ಚೀಲದಲ್ಲಿ ಒಂದು ಉಣ್ಣೆಯ ಹೊದಿಕೆ ಇತ್ತು. ಅಲ್ಲಿನ ಅಜ್ಜಿಯೊಬ್ಬಳು ಹೆಣೆದದ್ದಂತೆ, ತೊಳೆಯುವಾಗ ಎಳೆ ಕಿತ್ತಿತ್ತಂತೆ. ಮನೆಗೆ ತಂದು ಸರಿಮಾಡಿ ವಾಪಸು ಒಯ್ಯುತ್ತಿದ್ದರು.

“ಅಜ್ಜಿಗೆ ಖುಷಿ ಆಗುತ್ತೆ ಬಿಡಿ” ಎಂದೆ.

“ಅಜ್ಜಿ ಹೋದ್ಳ್ರಿ ನಿನ್ನೆ. ಅಕಿ ಮಗಳಿಗೆ ಕೊಡೋಣಂತ.”

ಅವತ್ತು ಹೇಳಬಹುದಿತ್ತು. ‘ಆಪಾ, ಒಂದು ಕಿಟಕಿ ಇದೆ, ಒಂದು ಕುರ್ಚಿ ಇದೆ.’ ಅರ್ಧ ಗಂಟೆಯ ದಾರಿ. ಬಾಯಿ ತೆರೆದೆ. “ಗ್ರ್ಯಾಂಡ್ ಆಪಾ, ಹುಷಾರು” ಎಂದು ಇಲ್ಲಿನವರ ಧಾಟಿಯಲ್ಲಿ ಹೇಳಿ ಒಳಗೆ ಬಂದೆ.

ಫೆಬ್ರವರಿಯಲ್ಲಿ ಅವರ ಗಂಡನ ಕಾಂಟ್ರ್ಯಾಕ್ಟ್ ಮುಗಿಯಿತು. ಮುಂದುವರಿಸಲಿಲ್ಲ. ಈ ದೇಶದಲ್ಲಿರುವ ಪರ್ಮಿಟ್ಟೂ ಅದಕ್ಕೇ ಅಂಟಿಕೊಂಡಿತ್ತು. ನವಲಗುಂದಕ್ಕೆ ಹೊರಡುವ ದಿನ ಗೇಟಿನಾಚೆ ನಿಂತು ಆಪಾ ನನಗೆ ಹೇಳಿದ್ದು ಇಷ್ಟು: “ಅದನ್ನ ಗ್ವಾಡಿಗೆ ಹಾಕಬ್ಯಾಡ್ರಿ, ನೆಲಕ್ಕ ಹಾಸ್ರಿ. ದಿನಾ ತುಳುದ್ರ ನುಸಿ ಬರಂಗಿಲ್ಲ.” ಅವರ ಸ್ವಂತದ್ದೆಂಬಂತೆ ಹೇಳಿದರು. ಆ ಹೊತ್ತಿಗೂ ನನಗೆ ಸಣ್ಣಗೆ ಉರಿಯಿತು. ಟ್ಯಾಕ್ಸಿ ತಿರುಗಿದ ಮೇಲೆ ಉಸಿರು ಹಗುರಾದದ್ದೂ ನಿಜ. ಊರಿನಲ್ಲಿ ರತ್ನಗಂಬಳಿ ಎಂದರೆ ಮತ್ತೆ ನಾನೇ.

ಇನ್ನು ಹೋದ ವಾರದ ಇಮೇಲು. ಕೊನೆಯ ಸಾಲಿನಲ್ಲಿ ಮುದುಕರು ಬರೆದಿದ್ದರು: ಲಂಡನ್ನಿನ ಆ ಹೆಸರು ನೆನಪಾಗಲೇ ಇಲ್ಲವೇ? ಕುರ್ಚಿಯನ್ನು ಇಷ್ಟು ದಿನ ಹಾಗೇ ಇಟ್ಟಿದ್ದೆ.

ಎರಡು ದಿನ ನಿದ್ದೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನವಲಗುಂದಕ್ಕೆ ಫೋನ್ ಮಾಡಿದೆ. ಆಪಾ ಖುಷಿಯಿಂದಲೇ ಮಾತಾಡಿದರು. ಈಗ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಾರಂತೆ. ಅಮ್ಮಿ ತೀರಿಕೊಂಡ ಮೇಲೆ ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದಾರೆ, ಅಣ್ಣನ ಮನೆಯಲ್ಲಿ ಅದಕ್ಕೆ ಜಾಗವಿಲ್ಲ. ನಾನು ನಡುವೆ ತಡೆದು ಎಲ್ಲ ಹೇಳಿದೆ. ಅಂಗಡಿ, ಮಗ್ಗ, ಕುರ್ಚಿ, ಪೆನ್ನು, ಲಂಡನ್. ಹೇಳುತ್ತ ಹೇಳುತ್ತ ನನ್ನ ಎದೆ ಹಗುರಾಗುತ್ತಿತ್ತು. ಅಳುವೂ ಬಂತು.

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತ್ತು.

“ಕಿಡಕಿ ಯಾವ ಕಡೀಗಿತ್ರಿ?” ಎಂದರು.

“ಎಡಗಡೆ.”

“ಎಡಕ್ಕ ಬೆಳಕು ಚಲೋ.” ಆಮೇಲೆ, “ಇದನ್ನ ನೀವು ಹೇಳಬಾರದಿತ್ರಿ ಅಕ್ಕಾರ. ಗೊತ್ತಿಲ್ಲದಿದ್ರ ಚಲೋ ಇತ್ತು. ಈಗ ದಿನಾ ಆ ಕುರ್ಚಿ ಕಾಣ್ತೈತಿ ನನಗ” ಎಂದರು.

ಫೋನ್ ಇಟ್ಟರು. ಆಮೇಲೆ ಎರಡು ಸಲ ಮಾಡಿದೆ, ಎತ್ತಲಿಲ್ಲ.

ರತ್ನಗಂಬಳಿ ಈಗ ನೆಲದ ಮೇಲಿದೆ. ದಿನಾ ತುಳಿಯುತ್ತೇವೆ. ಬಾಗಿಲ ಕಡೆಗೆ ಅದರ ಇಕ್ಕಟ್ಟಾದ ಅಂಚು ಬರುತ್ತದೆ, ಹೂವುಗಳು ಒಂದರ ಮೇಲೊಂದು ಒತ್ತಿಕೊಂಡಿವೆ, ಅಲ್ಲಿಂದ ಒಂದೆಳೆಯೂ ಹೋಗಿಲ್ಲ. ಮೊನ್ನೆ ಬಂದವರೊಬ್ಬರು, “ಎಲ್ಲೂ ಏನೂ ಆಗಿಲ್ವಲ್ಲ ಇದಕ್ಕೆ” ಎಂದರು. ಆಗಿದೆ, ಒಬ್ಬರು ಸರಿಮಾಡಿದ್ದಾರೆ ಎಂದೆ. ಅಷ್ಟು ಹೇಳುವಾಗಲೂ ಒಳಗೆ ಒಂದು ಕಿಡಿ ಹೊತ್ತಿಕೊಂಡಿತು. ಅದು ನನ್ನ ಜೊತೆಗೇ ಹೋಗುವುದೆಂದು ಕಾಣುತ್ತದೆ.

ಇಷ್ಟೆಲ್ಲ ಬರೆದವಳು ಅವರ ಹೆಸರನ್ನೇಕೆ ಬರೆಯಲಿಲ್ಲ ಎಂದು ನೀವು ಕೇಳಬಹುದು. ಒಬ್ಬರು ಪೆನ್ನು ಹಿಡಿದು ನಿಂತು ಕೇಳಿದಾಗ ನಾನು ಅದನ್ನು ಹೇಳಲಿಲ್ಲ. ಈಗ ಯಾರೂ ಕೇಳದೆ ಬರೆಯಲು ನನಗೆ ಮುಖವಿಲ್ಲ.